ಜಾರ್ಜಿಯಾಕ್ಕೆ ಬರೆದ ಮೊದಲ ಪತ್ರ

ನನ್ನ ಮಗಳು ಪ್ರಣಮ್ಯಾಳ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ನಂಬರ್ ನಾಲ್ಕು, ಬೆಕ್ಕಿನ ಉಚ್ಚೆ, ಸೀಬೆಕಾಯಿ. ನಂಬರ್ ಏಳು, ಒದ್ದೆ ನಾಯಿ. ನಂಬರ್ ಒಂಬತ್ತು, ಪೆಟ್ರೋಲು, ನಿಂಬೆ ಸಿಪ್ಪೆ, ತುಂಬಾ ಚೆನ್ನಾಗಿದೆ.

ಪೆಟ್ರೋಲು ತುಂಬಾ ಚೆನ್ನಾಗಿದೆ ಎಂದು ಬರೆಯುವ ಹುಡುಗಿಯ ಬಗ್ಗೆ ಯಾವ ತಂದೆ ಸುಮ್ಮನಿರುತ್ತಾನೆ? ನಾನಂತೂ ಸುಮ್ಮನಿರುವ ಜಾತಿಯವನಲ್ಲ. ವಿಮಾ ಕಂಪನಿಯಲ್ಲಿ ಮೂವತ್ತೊಂದು ವರ್ಷ ಕ್ಲೇಮು ತನಿಖೆ ಮಾಡಿದವನು. ಸತ್ತವರು ನಿಜವಾಗಿ ಸತ್ತಿದ್ದಾರೆಯೇ, ಯಾವುದರಿಂದ ಸತ್ತರು, ಪಾಲಿಸಿ ಮಾಡಿಸುವಾಗಲೇ ಆ ಕಾಯಿಲೆ ಇತ್ತೇ ಎಂದು ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಕೆಲಸವಾಗಿತ್ತು. ಮೈಸೂರಿನಿಂದ ಈ ಕೆಲಸಕ್ಕೆಂದೇ ಮದರಾಸಿಗೆ ಬಂದೆ. ಅದು ಚೆನ್ನೈ ಆಯಿತು, ನಾನು ಇಲ್ಲೇ ಉಳಿದೆ. ರಿಟೈರಾಗಿ ಎರಡು ವರ್ಷ. ಮೈಲಾಪೂರಿನ ಈ ಫ್ಲ್ಯಾಟಿನಲ್ಲಿ ತನಿಖೆಗೆ ಸಿಗುವವರು ಹಾಲಿನವನು, ಇಸ್ತ್ರಿಯವನು ಮತ್ತು ನನ್ನ ಹೆಂಡತಿ ವಿನೋದಾ. ಮೂವರಿಗೂ ನನ್ನಿಂದ ಸಾಕುಸಾಕಾಗಿತ್ತು.

ನೋಟ್‌ಬುಕ್ಕನ್ನು ನಾನು ಕದ್ದು ಓದಲಿಲ್ಲ. ಅದು ಊಟದ ಮೇಜಿನ ಮೇಲಿತ್ತು, ಮುಚ್ಚಿತ್ತು, ನಾನು ತೆರೆದೆ.

"ಏನೇ ಇದು? ಬೆಕ್ಕು, ನಾಯಿ, ಪೆಟ್ರೋಲು?" ಎಂದು ವಿನೋದಾಳನ್ನು ಕೇಳಿದೆ.

"ಅವಳ ಲ್ಯಾಬಿಂದು ಇರ್ಬೇಕು ಬಿಡಿ," ಎಂದಳು ಅವಳು, ಸೊಪ್ಪು ಬಿಡಿಸುತ್ತಾ.

ಪ್ರಣಮ್ಯಾ ಫುಡ್ ಟೆಕ್ನಾಲಜಿ ಓದಿ ಒಂದು ಮೊಸರಿನ ಕಂಪನಿಯ ಲ್ಯಾಬಿನಲ್ಲಿದ್ದಳು. ದಿನಕ್ಕೆ ನಲವತ್ತು ಕಪ್ ಮೊಸರು ಮೂಸಿ ನೋಡುವುದು ಅವಳ ಉದ್ಯೋಗ. ಮೊಸರಿನಲ್ಲಿ ಪೆಟ್ರೋಲು ಎಲ್ಲಿಂದ ಬರಬೇಕು? ಜೊತೆಗೆ ಎರಡು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ 'ಕ್ಲಾಸ್' ಎಂದು ಹೇಳಿ ಹೋಗುತ್ತಿದ್ದಳು. ಯಾವ ಕ್ಲಾಸ್ ಎಂದರೆ "ಅಪ್ಪಾ, ಅಪ್ಪುರಂ ಸೊಲ್ರೇನ್" ಎಂದು ತಮಿಳಿನಲ್ಲಿ, ಆಮೇಲೆ ಹೇಳುತ್ತೇನೆ ಎಂದು ಜಾರಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ತಮಿಳಿಗೆ ಹೋದಳೆಂದರೆ ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಅರ್ಥ.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿದಳು. ನಾನು ಹಿಂದೆಯೇ ಆಟೋ ಹತ್ತಿದೆ. ಬಸ್ಸನ್ನು ಹಿಂಬಾಲಿಸು ಎಂದಾಗ ಆಟೋದವನಿಗೆ ಹುರುಪು ಬಂತು. "ಯಾರ್ ಸಾರ್ ಅದು?" ಎಂದು ಕೇಳಿದ. ನನ್ನ ಮಗಳು ಎಂದೆ. ಆಮೇಲೆ ಅವನು ಕನ್ನಡಿಯಲ್ಲಿ ನನ್ನನ್ನು ನೋಡುವುದನ್ನೇ ಬಿಟ್ಟ. ನನಗೂ ಒಂದು ಗಳಿಗೆ ನಾಚಿಕೆಯಾಯಿತು, ಸುಳ್ಳೇಕೆ. ಆದರೆ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ನನಗೆ ಗೊತ್ತಿಲ್ಲ.

ಕೋಡಂಬಾಕ್ಕಂನಲ್ಲಿ ಅವಳು ಒಂದು ಹಳೇ ಕಟ್ಟಡದ ಮೂರನೆಯ ಮಹಡಿಗೆ ಹೋದಳು. ಹಿಂದೆ ಸಿನಿಮಾದವರು ಬಾಡಿಗೆಗೆ ಇರುತ್ತಿದ್ದ ಕಟ್ಟಡ, ಈಗ ಸುಣ್ಣ ಉದುರುತ್ತಿತ್ತು. ನಾನು ಮೆಟ್ಟಿಲು ಹತ್ತಿ, ಏದುಸಿರು ತಡೆದುಕೊಂಡು ಕಿಟಕಿಯಲ್ಲಿ ಇಣುಕಿದೆ. ಆರು ಜನ ಹುಡುಗ ಹುಡುಗಿಯರು ಮೇಜಿನ ಸುತ್ತ ಕೂತು ಗಾಜಿನ ಲೋಟಗಳಲ್ಲಿ ಮೂಗು ಅದ್ದಿದ್ದರು. ಆಮೇಲೆ ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಸ್ಟೀಲ್ ಚೊಂಬಿಗೆ ಉಗಿದರು. ನನ್ನ ಮಗಳೂ ಉಗಿದಳು. ಎಂಜಲು ಮುಸುರೆ ಎಂದು ಅವಳಜ್ಜಿ ಹೇಳಿಕೊಟ್ಟದ್ದೆಲ್ಲ ಆ ಚೊಂಬಿಗೇ ಹೋಯಿತು ಅನ್ನಿ.

ಬಾಗಿಲು ತಳ್ಳಿ ಒಳಗೆ ನುಗ್ಗಿದೆ. "ಏನಮ್ಮಾ ನಡೀತಾ ಇದೆ ಇಲ್ಲಿ?"

ಪ್ರಣಮ್ಯಾಳ ಮುಖ ಸುಣ್ಣವಾಯಿತು. ಮೇಜಿನ ತಲೆಯಲ್ಲಿ ಕೂತಿದ್ದ ಬಿಳಿಗೂದಲಿನ ಮನುಷ್ಯ ಮಾತ್ರ ನಿಧಾನವಾಗಿ ಎದ್ದ. "ಕನ್ನಡದವ್ರಾ ಸಾರ್? ಬನ್ನಿ, ಕೂತ್ಕೊಳ್ಳಿ. ನಾನು ಗುರುಚರಣ. ಕೋಲಾರದ ಕಡೆಯೋನು. ಹಡಗಿನಲ್ಲಿ ಇಪ್ಪತ್ತು ವರ್ಷ ವೈನ್ ಬಡಿಸಿದ್ದೀನಿ. ಇವ್ರಿಗೆ ವಾಸನೆ ಹಿಡಿಯೋದು ಕಲಿಸ್ತಾ ಇದ್ದೀನಿ, ಅಷ್ಟೇ."

"ಕುಡಿಯೋದು ಕಲಿಸ್ತಾ ಇದ್ದೀರ."

"ನುಂಗಲ್ಲ ಸಾರ್, ಉಗೀತಾರೆ."

"ಉಗಿಯೋದಕ್ಕೆ ಬಾಯಿಗೆ ಯಾಕ್ ಹಾಕ್ಕೋಬೇಕು?"

ಅವನು ನಕ್ಕ. ಬೆಕ್ಕಿನ ಉಚ್ಚೆ, ಪೆಟ್ರೋಲು ಎಲ್ಲ ವೈನಿನಲ್ಲಿ ಬರುವ ವಾಸನೆಗಳಿಗೆ ಆ ವೃತ್ತಿಯವರು ಇಟ್ಟಿರುವ ಹೆಸರುಗಳಂತೆ. ದೊಡ್ಡ ದೊಡ್ಡ ಪರೀಕ್ಷೆಗಳಲ್ಲೂ ಹೀಗೇ ಬರೆಯುತ್ತಾರಂತೆ. "ನಿಮ್ಮ ಮಗಳ ಮೂಗಿಗೆ ನೂರಕ್ಕೆ ನೂರು ಕೊಡಬೇಕು ಸಾರ್. ನಂಗೆ ಸಿಗದ ವಾಸನೆ ಅವಳಿಗೆ ಸಿಗತ್ತೆ," ಎಂದ. ತಂದೆಯ ಎದುರು ಮಗಳನ್ನು ಹೊಗಳುವವನನ್ನು ನಾನು ಮೊದಲು ಅನುಮಾನಿಸುತ್ತೇನೆ. ಅತಿವಿನಯಂ ಧೂರ್ತಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆ ಸಂಜೆ ಪ್ರಣಮ್ಯಾ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಇಟಲಿಯ ಒಂದು ವಿಶ್ವವಿದ್ಯಾಲಯದಲ್ಲಿ ವೈನ್ ತಯಾರಿಕೆಯ ಎರಡು ವರ್ಷದ ಕೋರ್ಸಿಗೆ ಅವಳನ್ನು ಆಯ್ಕೆ ಮಾಡಿದ್ದರು, ಸ್ಕಾಲರ್‌ಶಿಪ್ ಸಮೇತ. ಷರತ್ತು ಒಂದೇ: ದ್ರಾಕ್ಷಿಯ ಒಂದು ಸುಗ್ಗಿಯನ್ನು ಪೂರ್ತಿ ಕೆಲಸ ಮಾಡಿ ಮುಗಿಸಿದ ಪತ್ರವನ್ನು ಜನವರಿಯೊಳಗೆ ಕಳುಹಿಸಬೇಕು. ಕಳುಹಿಸದಿದ್ದರೆ ಸೀಟು ಹೋಯಿತು. ಅದಕ್ಕಾಗಿ ಅವಳು ಮೂವತ್ತು ನಲವತ್ತು ಕಡೆ ಬರೆದು, ಜಾರ್ಜಿಯಾ ದೇಶದ ಹಳ್ಳಿಯೊಂದರಲ್ಲಿ ವೈನ್ ಮಾಡುವ ಒಂದು ಕುಟುಂಬದ ಬಳಿ ಇಂಟರ್ನ್‌ಶಿಪ್ ಹಿಡಿದಿದ್ದಳು. ಸೆಪ್ಟೆಂಬರಿನಿಂದ ಎರಡು ತಿಂಗಳು.

"ಬೇರೆಲ್ಲರೂ ಇಲ್ಲ ಅಂದ್ರು ಅಪ್ಪಾ. ಇವರೊಬ್ಬರೇ ಬಾ ಅಂದಿದ್ದು."

"ಅದೇ ಯಾಕೆ ಅಂತ ನಾನು ಕೇಳ್ತಿರೋದು," ಎಂದೆ.

ಕಾಗದ ಓದಿದೆ. ಇರುವುದಕ್ಕೆ ಕೋಣೆ, ಮೂರು ಹೊತ್ತು ಊಟ, ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುವುದು, ಎಲ್ಲ ಅವರದೇ. ನಮ್ಮಿಂದ ಅವರು ಏನನ್ನೂ ಕೇಳಿರಲಿಲ್ಲ. ಕೇಳುವವನನ್ನು ನಂಬಬಹುದು, ಅವನಿಗೆ ಏನು ಬೇಕೆಂದು ಗೊತ್ತಾಗುತ್ತದೆ. ಕೇಳದವನನ್ನು ಹೇಗೆ ನಂಬುವುದು? ಬರೆದಾಕೆಯ ಹೆಸರು ಕೇತೆವಾನ್. ಸಹಿ ಜಿಲೇಬಿ ಸುತ್ತಿದ ಹಾಗಿತ್ತು. ಕಂಪನಿಯದೆನ್ನುವ ಮೇಲ್ ವಿಳಾಸವಿಲ್ಲ, ನಾವು ನೀವು ಇಟ್ಟುಕೊಳ್ಳುವಂಥ ಬಿಟ್ಟಿ ವಿಳಾಸ. ಜೊತೆಗೆ ಒಂದು ಫೋಟೋ: ದೊಡ್ಡ ಹಜಾರ, ಕಿಟಕಿ ಇಲ್ಲ, ನೆಲದ ತುಂಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿಗಳು.

"ಈ ಗುಂಡಿಗಳು ಏನೇ?"

"ಗುಂಡಿ ಅಲ್ಲ ಅಪ್ಪಾ, ಮಣ್ಣಿನ ಜಾಡಿ. ಕತ್ತಿನ ತನಕ ಹೂತಿರ್ತಾರೆ. ಅಲ್ಲಿ ವೈನ್ ಅದರಲ್ಲೇ ಮಾಡೋದು. ಜಾಡಿ ತೊಳೆಯೋದಕ್ಕೆ ಒಳಗೆ ಇಳೀಬೇಕು."

"ಯಾರು ಇಳಿಯೋದು?"

"ಇಂಟರ್ನ್‌ಗಳೇ," ಎಂದಳು. ಅವಳ ಕಣ್ಣಲ್ಲಿ ಆಸೆ ಮಿನುಗುತ್ತಿತ್ತು. ನಾನು ಎದ್ದು ನನ್ನ ಫೈಲು ತಂದೆ.

ಕೆಲಸದ ಆಸೆ ತೋರಿಸಿ ನಮ್ಮ ಮಕ್ಕಳನ್ನು ಯಾವ್ಯಾವುದೋ ದೇಶಕ್ಕೆ ಕರೆದೊಯ್ದು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಕೂಡಿಹಾಕಿದ ಸುದ್ದಿಗಳನ್ನು ನಾನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದೆ. ಒಂದೊಂದಾಗಿ ಓದಿ ಹೇಳಿದೆ. ಪ್ರಣಮ್ಯಾ ಕೇಳಿಸಿಕೊಂಡಳು, ಆಮೇಲೆ ತಾನೂ ವಿಚಾರಿಸಿದ್ದನ್ನು ಹೇಳಿದಳು. ಹಿಂದಿನ ವರ್ಷ ಅಲ್ಲಿದ್ದ ಇಬ್ಬರೊಡನೆ ವಿಡಿಯೋದಲ್ಲಿ ಮಾತಾಡಿದ್ದಳು. ಇಟಲಿಯ ಪ್ರಾಧ್ಯಾಪಕರಿಗೂ ಆ ಕುಟುಂಬದ ಹೆಸರು ಗೊತ್ತಿತ್ತು. ನಾನು ಒಪ್ಪಲಿಲ್ಲ. ಸಾಕ್ಷಿಗಳನ್ನು ತಯಾರು ಮಾಡುವವರನ್ನು ನಾನು ಎಷ್ಟು ನೋಡಿಲ್ಲ? ಸೌಕಾರ್‌ಪೇಟೆಯಲ್ಲಿ ಒಂದು ಸಲ ಬದುಕಿದ್ದ ಮನುಷ್ಯನ ತಿಥಿಯಲ್ಲಿ ನನಗೇ ಊಟ ಬಡಿಸಿದ್ದರು.

"ಹೋಗ್ಲಿ ಬಿಡ್ರೀ," ಎಂದಳು ವಿನೋದಾ. "ನಿಮ್ಮ ಕಣ್ಣಿಗೆ ದೇವಸ್ಥಾನದ ತೀರ್ಥವೂ ಕಲಬೆರಕೆಯೇ."

ಆದರೂ ನಾನು ಬೇಡ ಎನ್ನಲಿಲ್ಲ. ಅದನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಅವಳು ಜಾರ್ಜಿಯಾದವರಿಗೆ ಕಳಿಸಬೇಕಾದ ಒಂದು ಫಾರಂ ನನ್ನ ಮುಂದೆ ಇಟ್ಟಳು, ತಂದೆಯ ಹೆಸರು, ಫೋನು, ಮೇಲ್ ವಿಳಾಸ ತುಂಬಿ ಸಹಿ ಹಾಕಿದೆ. ಹಾಕುವಾಗಲೇ ಮನಸ್ಸಿನಲ್ಲಿ ಉಪಾಯ ಹೊಳೆದಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನನ್ನ ವೃತ್ತಿಯಲ್ಲಿ ನಾನೇ ಕಂಡುಕೊಂಡ ಒಂದು ಪರೀಕ್ಷೆಯಿತ್ತು. ಸಂಶಯ ಬಂದ ಮನೆಯಲ್ಲಿ, ಮಾತಿನ ನಡುವೆ, ಗೊತ್ತಿದ್ದೂ ಒಂದು ತಪ್ಪು ಹೇಳಿಬಿಡುವುದು. "ನಿಮ್ಮ ಯಜಮಾನರಿಗೆ ಎಡಗೈಲಿ ಆರು ಬೆರಳಿತ್ತಲ್ಲಮ್ಮಾ?" ಎನ್ನುವುದು. ನಿಜವಾದ ಹೆಂಡತಿ "ಇಲ್ಲ ಸಾರ್, ಐದೇ" ಎಂದು ತಿದ್ದುತ್ತಾಳೆ. ಸುಳ್ಳು ಹೇಳಲು ಕೂತವರು ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುತ್ತಾರೆ. ಈ ಪರೀಕ್ಷೆಯಲ್ಲಿ ನಾನು ಹಿಡಿದ ಕಳ್ಳರ ಬಗ್ಗೆ ಆಫೀಸಿನಲ್ಲಿ ಇವತ್ತಿಗೂ ಮಾತಾಡುತ್ತಾರೆ.

ಮರುದಿನ ಪ್ರಣಮ್ಯಾ ಕೆಲಸಕ್ಕೆ ಹೋದ ಮೇಲೆ ಕೇತೆವಾನಳಿಗೆ ಮೇಲ್ ಬರೆದೆ. ಆಫೀಸಿನ ಇಂಗ್ಲಿಷು, ನಾಲ್ಕೇ ಸಾಲು. ನಾನು ಹುಡುಗಿಯ ತಂದೆ. ನಿಮ್ಮ ಅವಕಾಶಕ್ಕೆ ಕೃತಜ್ಞ. ಅರ್ಜಿಯಲ್ಲಿ ತಿಳಿಸಿರುವಂತೆ ನನ್ನ ಮಗಳಿಗೆ ಚಿಕ್ಕಂದಿನಿಂದ ಆಸ್ತಮಾ ಇದೆ. ಅದಕ್ಕೆ ತಕ್ಕ ವ್ಯವಸ್ಥೆ ಮಾಡಿದ್ದೀರೆಂದು ನಂಬಿದ್ದೇನೆ.

ಪ್ರಣಮ್ಯಾಳಿಗೆ ಆಸ್ತಮಾ ಇಲ್ಲ. ನೆಗಡಿ ಬರುವುದೂ ಅಪರೂಪ. ಅರ್ಜಿಯಲ್ಲಿ ಅಂಥದ್ದೇನೂ ಇರಲಿಲ್ಲ. ಅಸಲಿ ಜನರಾದರೆ ಅರ್ಜಿ ತೆಗೆದು ನೋಡಿ, "ಸ್ವಾಮೀ, ಇದರಲ್ಲಿ ಆಸ್ತಮಾ ಎಂದು ಎಲ್ಲೂ ಇಲ್ಲವಲ್ಲ" ಎಂದು ತಿದ್ದಬೇಕು. ಮೋಸಗಾರರಾದರೆ "ಚಿಂತೆ ಬೇಡ, ಎಲ್ಲ ವ್ಯವಸ್ಥೆಯಾಗಿದೆ, ಕಳಿಸಿಕೊಡಿ" ಎನ್ನಬೇಕು. ಮೂರನೆಯದೊಂದು ಉತ್ತರ ಇರಬಹುದೆಂದು ಮೂವತ್ತೊಂದು ವರ್ಷ ನನಗೆ ಹೊಳೆದಿರಲೇ ಇಲ್ಲ.

ಮೂರು ದಿನ ಉತ್ತರವಿಲ್ಲ. ನೋಡಿದೆಯಾ, ಸಿಕ್ಕಿಬಿದ್ದರು ಎಂದುಕೊಂಡೆ. ಕೋಡಂಬಾಕ್ಕಂನ ಗುರುಚರಣನಿಗೂ ಇದರಲ್ಲಿ ಪಾಲಿರಬೇಕೆಂದು ಲೆಕ್ಕ ಹಾಕಿ, ಅವನು ದುಡಿದೆ ಎನ್ನುವ ಹಡಗಿನ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹಡಗು ಇತ್ತು. ಅದೂ ನನಗೆ ಅಷ್ಟು ಇಷ್ಟವಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ಪ್ರಣಮ್ಯಾ ಕೆಲಸಕ್ಕೆ ಹೊರಟು ಬ್ಯಾಗು ಹೆಗಲಿಗೆ ಹಾಕಿಕೊಂಡವಳು ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದಳು. ತುಂಬ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದಳು.

"ಅಪ್ಪಾ, ನಂಗೆ ಆಸ್ತಮಾ ಇದೆಯಾ?"

ನಾನು ಲೋಟ ಕೆಳಗಿಟ್ಟೆ. "ಏನ್ ಬರೆದಿದ್ದಾರೆ?"

ಅವಳು ಫೋನು ಕೊಟ್ಟಳು. ಕೇತೆವಾನ್ ಉದ್ದಕ್ಕೆ ಬರೆದಿದ್ದಳು. ಪ್ರೀತಿಯ ಪ್ರಣಮ್ಯಾ, ನಿನ್ನ ತಂದೆಯವರು ನಿನ್ನ ಆರೋಗ್ಯದ ಬಗ್ಗೆ ತಿಳಿಸಿದರು. ನೀನು ಅರ್ಜಿಯಲ್ಲಿ ಬರೆಯದಿದ್ದುದಕ್ಕೆ ನನಗೆ ಸಿಟ್ಟಿಲ್ಲ, ಬರಬೇಕೆಂಬ ಆಸೆಯಲ್ಲಿ ಹಾಗೆ ಮಾಡಿದ್ದೀಯೆಂದು ಗೊತ್ತು. ಆದರೆ ದ್ರಾಕ್ಷಿ ಬರುವ ಮೊದಲು ನಾವು ಜಾಡಿಗಳೊಳಗೆ ಗಂಧಕ ಸುಡುತ್ತೇವೆ. ರಸ ಹುದುಗು ಬರುವಾಗ ಹಜಾರದ ತುಂಬ ಗಾಳಿ ಕೆಡುತ್ತದೆ. ಆಸ್ತಮಾ ಇದ್ದ ಒಬ್ಬ ಹುಡುಗ ನಮ್ಮಲ್ಲಿ ಉಸಿರು ಸಿಕ್ಕಿಕೊಂಡು ಸಾಯುವ ಹಾಗಾಗಿದ್ದ. ಅಂದಿನಿಂದ ನಮ್ಮ ವಿಮಾ ಕಂಪನಿಯೂ ಒಪ್ಪುವುದಿಲ್ಲ. ಮೂರು ದಿನ ಯೋಚಿಸಿದೆ. ನಿನ್ನ ಜಾಗವನ್ನು ಪಟ್ಟಿಯಲ್ಲಿ ಕಾಯುತ್ತಿದ್ದ ಇನ್ನೊಬ್ಬ ಹುಡುಗನಿಗೆ ಕೊಟ್ಟಿದ್ದೇನೆ. ನಿನ್ನ ತಂದೆಗೆ ನನ್ನ ವಂದನೆ ತಿಳಿಸು. ಎಲ್ಲ ತಂದೆ ತಾಯಿಯರೂ ಇಷ್ಟು ಪ್ರಾಮಾಣಿಕರಾಗಿರುವುದಿಲ್ಲ.

ಓದಿ ಮುಗಿಸಿದಾಗ ನನ್ನ ಬಾಯಿಂದ ಮೊದಲು ಬಂದ ಮಾತನ್ನು ಹೇಳಿಬಿಡುತ್ತೇನೆ. ಇವತ್ತಿಗೂ ಆ ಮಾತಿಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. "ಹಾಗಾದ್ರೆ ಅಸಲಿ ಪಾರ್ಟಿನೇ," ಎಂದೆ.

ಪ್ರಣಮ್ಯಾ ಅಳಲಿಲ್ಲ. ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಕೂತಳು. ಅಡುಗೆಮನೆಯಿಂದ ಬಂದ ವಿನೋದಾ ಫೋನು ತೆಗೆದುಕೊಂಡು ಓದಿದಳು, ನನ್ನನ್ನು ನೋಡಿದಳು, ಮಗಳ ಪಕ್ಕ ಹೋಗಿ ನಿಂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಆ ದಿನವೇ ಇನ್ನೊಂದು ಪತ್ರ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ನಾನು ತನಿಖೆಯವನಾಗಿದ್ದೆ, ನಿಮ್ಮನ್ನು ಪರೀಕ್ಷಿಸಲು ಸುಳ್ಳು ಬರೆದೆ, ತಪ್ಪು ನನ್ನದು, ಹುಡುಗಿಯದಲ್ಲ ಎಂದೆ. ಮನೆ ಹತ್ತಿರದ ಲಜ್ ಕಾರ್ನರಿನಲ್ಲಿರುವ ನಮ್ಮ ಡಾಕ್ಟರ ಬಳಿ ಹೋಗಿ ಪ್ರಣಮ್ಯಾಳನ್ನು ಕೊಳವೆಯಲ್ಲಿ ಊದಿಸಿ, ಶ್ವಾಸಕೋಶ ಸರಿಯಿದೆಯೆಂದು ಸರ್ಟಿಫಿಕೇಟು ಬರೆಸಿ ಅದನ್ನೂ ಕಳಿಸಿದೆ. ಊದುವಾಗ ಅವಳು ನನ್ನ ಕಡೆ ನೋಡಲಿಲ್ಲ. ಗುರುಚರಣನೂ ತನ್ನ ಕಡೆಯಿಂದ ಕೇತೆವಾನಳಿಗೆ ಬರೆದ. ನಾನು ಕೇಳದೆಯೇ ಬರೆದ.

ಉತ್ತರ ಎರಡೇ ದಿನಕ್ಕೆ ಬಂತು. ಈ ಸಲ ನನ್ನ ಹೆಸರಿಗೆ.

ಮಾನ್ಯರೇ, ನಾನೂ ಇಬ್ಬರು ಮಕ್ಕಳ ತಾಯಿ. ಮಗಳು ಅಳುವುದನ್ನು ನೋಡಲಾರದೆ ನೀವು ಮಾತು ಬದಲಿಸಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಡಾಕ್ಟರು ನಿಮ್ಮ ಪರಿಚಯದವರಿರಬಹುದು. ಯಾವ ತಂದೆಯೂ ಮಗಳ ಉಸಿರಿನ ವಿಷಯದಲ್ಲಿ ಸುಮ್ಮಸುಮ್ಮನೆ ಸುಳ್ಳು ಹೇಳುವುದಿಲ್ಲ. ನಾನು ನಿಮ್ಮ ಮೊದಲ ಪತ್ರವನ್ನೇ ನಂಬುತ್ತೇನೆ.

ನಾನು ಅದನ್ನು ಎರಡು ಸಲ ಓದಿದೆ. ಮೊದಲ ಹೇಳಿಕೆಯೇ ನಿಜ, ಆಮೇಲಿನದೆಲ್ಲ ಯಾರೋ ಹೇಳಿಕೊಟ್ಟದ್ದು. ನನ್ನ ಫೈಲುಗಳಲ್ಲಿ ನಾನೂ ಹೀಗೆಯೇ ಬರೆಯುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಡಾಕ್ಟರ ಸರ್ಟಿಫಿಕೇಟಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ.

ಆಗಸ್ಟ್ ಮುಗಿಯುತ್ತ ಬಂದಿತ್ತು. ಗುರುಚರಣ ಹತ್ತು ಹನ್ನೆರಡು ಕಡೆ ಕೇಳಿ ನೋಡಿದ. ಸುಗ್ಗಿ ಎದುರಿಗಿರುವಾಗ ಯಾರು ಹೊಸಬರನ್ನು ತೆಗೆದುಕೊಳ್ಳುತ್ತಾರೆ? ಜನವರಿಯಲ್ಲಿ ಇಟಲಿಯಿಂದ ಮರ್ಯಾದೆಯ ಮಾತಿನಲ್ಲಿ ಒಂದು ಪತ್ರ ಬಂತು, ಸೀಟನ್ನು ಬೇರೆಯವರಿಗೆ ಕೊಟ್ಟಿದ್ದೇವೆಂದು. ಪ್ರಣಮ್ಯಾ ಅದನ್ನು ಅಮ್ಮನಿಗೆ ತೋರಿಸಿದಳು. ನನಗೆ ವಿನೋದಾ ಹೇಳಿದಳು.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವಳು ಬೆಳಿಗ್ಗೆ ಲ್ಯಾಬಿಗೆ ಹೋಗುವಳು, ಸಂಜೆ ಬಂದು ಊಟ ಮಾಡಿ ಮಲಗುವಳು. ಕೇಳಿದ್ದಕ್ಕೆ ಉತ್ತರ ಕೊಡುವಳು, ಎಲ್ಲ ತಮಿಳಿನಲ್ಲೇ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ತಡೆಯಲಾಗದೆ ನನ್ನ ಪರೀಕ್ಷೆಯ ವಿಷಯ ಬಿಡಿಸಿ ಹೇಳಿದೆ. ತಪ್ಪನ್ನು ಸಮರ್ಥಿಸಿಕೊಳ್ಳಲು ಅಲ್ಲ, ಅವಳಿಗೆ ಕಾರಣವಾದರೂ ತಿಳಿದಿರಲಿ ಎಂದು. ಆರು ಬೆರಳಿನ ಮಾತು ಹೇಳಿದೆ. "ಸುಳ್ಳುಗಾರರು ತಿದ್ದೋದಿಲ್ಲ ಮಗಳೇ, ನಿಜ ಇರೋರು ತಿದ್ತಾರೆ. ಅದಕ್ಕೇ ಹಾಗೆ ಬರೆದೆ," ಎಂದೆ.

ಅವಳು ಸಾರನ್ನ ಕಲಸುವುದನ್ನು ನಿಲ್ಲಿಸಿದಳು. ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ ಮಾತಾಡಿದಳು. "ಕೇತೆವಾನ್ ತಿದ್ದಲಿಲ್ಲ ಅಪ್ಪಾ. ನೀನು ಅಪ್ಪ ಅಂತ ನಂಬಿದ್ರು."

ಮತ್ತೆ ಊಟ ಮುಂದುವರಿಸಿದಳು. ನಾನು ಕೈ ತೊಳೆಯಲು ಎದ್ದೆ.

ಆ ಮಧ್ಯಾಹ್ನ ಮಲಗಿದರೆ ನಿದ್ದೆ ಬರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬನ ಹೆಂಡತಿ ನೆನಪಾದಳು. ಗಂಡ ಎದೆನೋವಿನಿಂದ ಹೋಗಿದ್ದ. ನಾನು ಫೈಲು ಬಿಚ್ಚಿಕೊಂಡು, "ನಾಲ್ಕು ವರ್ಷದ ಹಿಂದೆಯೂ ಆಸ್ಪತ್ರೆಗೆ ಸೇರಿದ್ರಲ್ಲಮ್ಮಾ?" ಎಂದಿದ್ದೆ. ಸೇರಿದ್ದನೆಂದು ನನ್ನ ಫೈಲಿನಲ್ಲಿರಲಿಲ್ಲ, ಪರೀಕ್ಷೆಗೆಂದು ಹೇಳಿದ್ದು. ಅವಳು ಸ್ವಲ್ಪ ತಬ್ಬಿಬ್ಬಾಗಿ, "ಆಮಾ ಸಾರ್," ಹೌದು ಸಾರ್ ಎಂದಳು. ಕಾಯಿಲೆ ಮುಚ್ಚಿಟ್ಟಿದ್ದಾರೆಂದು ಬರೆದೆ, ಕ್ಲೇಮು ತಿರಸ್ಕಾರವಾಯಿತು. ಕೈಯಲ್ಲಿ ಕಾಗದ ಹಿಡಿದ ಆಫೀಸರು ಹೇಳುತ್ತಿದ್ದಾನೆ, ಅವನಿಗೆ ಗೊತ್ತಿರಬೇಕು, ಗಂಡ ನನಗೆ ತಿಳಿಸದೆ ಸೇರಿದ್ದನೋ ಏನೋ ಎಂದು ಅವಳು ನಂಬಿದ್ದಳು. ಇದು ನನಗೆ ಈಗ ಹೊಳೆಯುತ್ತಿದೆ. ಅಂಥವರು ಎಷ್ಟು ಜನ? ಮುಖಗಳು ನೆನಪಾದವು. ಹೆಸರು ಒಂದೂ ನೆನಪಾಗಲಿಲ್ಲ. ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿ ಅತ್ತೆ. ವಿನೋದಾ ಏನಾಯಿತೆಂದು ಕೇಳಿದಳು.

ಇದೆಲ್ಲ ಆಗಿ ಈಗ ವರ್ಷವಾಯಿತು. ಈ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕೊರಿಯರಿನವನು ಪ್ರಣಮ್ಯಾಳ ಹೆಸರಿಗೆ ಒಂದು ಲಕೋಟೆ ತಂದ. ನಾನೇ ಸಹಿ ಹಾಕಿ ತೆಗೆದುಕೊಂಡೆ. ದಪ್ಪ ಲಕೋಟೆ, ವೀಸಾ ಕೇಂದ್ರದ್ದು, ಒಳಗೆ ಪಾಸ್‌ಪೋರ್ಟಿನ ಅಂಚು ಕೈಗೆ ಸಿಗುತ್ತಿತ್ತು. ಅಂಟು ಕೂಡ ಸರಿಯಾಗಿ ಕೂತಿರಲಿಲ್ಲ. ಹಬೆ ಹಿಡಿಯುವ ಕಷ್ಟವೂ ಇರಲಿಲ್ಲ, ಬೆರಳು ಹಾಕಿದರೆ ಸಾಕಿತ್ತು. ಅವಳ ಮೇಜಿನ ಮೇಲಿಟ್ಟು ಬಂದೆ.

ವಾರ ಕಳೆದ ಮೇಲೆ ಅವಳು ನನ್ನ ಮುಂದೆ ಬಂದು ನಿಂತಳು. "ಅಪ್ಪಾ, ಕಂಪನಿಯಿಂದ ಟ್ರೈನಿಂಗ್ ಇದೆ. ಎರಡು ತಿಂಗಳು. ಪುಣೆಗೆ ಹೋಗ್ಬೇಕು," ಎಂದಳು. ಕನ್ನಡದಲ್ಲೇ ಹೇಳಿದಳು, ಒಂದು ಸಲವೂ ತಡವರಿಸದೆ. ಹಿಂದೆ ನಿಂತಿದ್ದ ವಿನೋದಾ ಕಿಟಕಿಯ ಆಚೆ ನೋಡುತ್ತಿದ್ದಳು.

ಯಾವ ದೇಶವೋ ನನಗೆ ಗೊತ್ತಿಲ್ಲ. ಅಲ್ಲಿನ ಗಾಳಿ ಹೇಗಿದೆ, ಕರೆದವರು ಯಾರು, ನಿಲ್ದಾಣಕ್ಕೆ ಯಾರು ಬರುತ್ತಾರೆ, ಏನೂ ಗೊತ್ತಿಲ್ಲ. ಕೇಳಬೇಕಾದ ಹದಿನೈದು ಪ್ರಶ್ನೆಗಳು ಗಂಟಲಿಗೆ ಬಂದವು. ಕೇಳಿದ್ದರೆ ಹದಿನೈದಕ್ಕೂ ಸುಳ್ಳು ಹೇಳುತ್ತಿದ್ದಳು, ಪಾಪ, ಅವಳಿಗೆ ಬೇರೆ ದಾರಿಯನ್ನು ನಾನು ಬಿಟ್ಟಿರಲಿಲ್ಲ.

ಎದ್ದು ಬೀರುವಿನ ಮೇಲಿನ ಖಾನೆಯಿಂದ ನನ್ನ ಉಣ್ಣೆಯ ಸ್ವೆಟರು ತೆಗೆದೆ. ಚೆನ್ನೈಗೆ ಬಂದ ಮೇಲೆ ಒಂದು ದಿನವೂ ಹಾಕಿರಲಿಲ್ಲ.

"ಇದನ್ನೂ ಇಟ್ಕೋ. ಪುಣೆಯಲ್ಲಿ ಅಕ್ಟೋಬರಿಗೆಲ್ಲ ತುಂಬಾ ಚಳಿ ಇರತ್ತಂತೆ."

ಅವಳು ಸ್ವೆಟರನ್ನು ತೆಗೆದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಪೇಪರು ಬಿಡಿಸಿ ಓದತೊಡಗಿದೆ.